ಕಡ್ಡಿ ಅರ್ಧಕ್ಕೇ ನಿಂತಿತು

ಚುನಾವಣೆ ಬಂತೆಂದರೆ ಊರಲ್ಲಿ ಬಾವುಟ ಏರುತ್ತವೆ, ನಮ್ಮ ಮನೆಯಲ್ಲಿ ಕೋವಿ ಇಳಿಯುತ್ತದೆ. ನಡುಮನೆಯ ಗೋಡೆಯ ಗೂಟದಲ್ಲಿ ವರ್ಷವಿಡೀ ತೂಗುವ ತಾತನ ಕೇಪಿನ ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿ ಪೊಲೀಸ್ ಠಾಣೆಗೆ ಒಪ್ಪಿಸಿ ಬರಬೇಕು. ಮತ ಎಣಿಕೆ ಮುಗಿದ ಮೇಲೆ ರಸೀದಿ ತೋರಿಸಿ ವಾಪಸು ತರಬೇಕು. ಪಂಚಾಯಿತಿ, ವಿಧಾನಸಭೆ, ಲೋಕಸಭೆ ಎಂದು ಲೆಕ್ಕ ಹಾಕಿದರೆ ನಮ್ಮ ಕೋವಿ ಹಾರಿಸಿದ ಈಡಿಗಿಂತ ಠಾಣೆಗೆ ಹೋಗಿಬಂದ ಸಲವೇ ಜಾಸ್ತಿ ಇರಬಹುದು.

ನಮ್ಮದು ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿ. ಲಕ್ಷ್ಮಣತೀರ್ಥ ಹೊಳೆಗೆ ಕಟ್ಟೆ ಕಟ್ಟಿದ ಊರು. ತಂಬಾಕು ಬೆಳೆಯುವವರಿಗೆ ಇಲ್ಲಿನ ಹರಾಜು ಮಾರುಕಟ್ಟೆ ಗೊತ್ತಿರುತ್ತದೆ. ನಮಗೆ ಒಂದಿಷ್ಟು ಹೊಗೆಸೊಪ್ಪು, ಉಳಿದದ್ದರಲ್ಲಿ ರಾಗಿ ಮತ್ತು ಜೋಳ. ರಾಗಿ ತೆನೆ ಬಲಿಯುವ ಹೊತ್ತಿಗೆ ಹಂದಿಗಳು ಬರುತ್ತವೆ. ತಿನ್ನುವುದು ಕಡಿಮೆ, ಮಲಗಿಸಿ ತುಳಿಯುವುದು ಹೆಚ್ಚು. ಬೆಳೆ ಕಾವಲಿಗೆಂದು ತಾತ ಪ್ರಾಯದಲ್ಲೇ ಪಡೆದ ಲೈಸೆನ್ಸ್ ಇದು. ಮದ್ದನ್ನು ಬಾಯಿಯಿಂದ ತುಂಬುವ ಒಂಟಿ ನಳಿಗೆ ಕೋವಿ.

2024ರ ಮಾರ್ಚ್‌ನಲ್ಲಿ ಲೋಕಸಭಾ ಚುನಾವಣೆಯ ನೀತಿಸಂಹಿತೆ ಜಾರಿಯಾದಾಗ ನಾನು ಬಿ.ಇ. ಎರಡನೇ ಸೆಮಿಸ್ಟರ್. ಭಾನುವಾರ ಹಾಸ್ಟೆಲಿನಿಂದ ಮನೆಗೆ ಬಂದಿದ್ದೆ. ಅಪ್ಪ ಆಟೋ ಹೇಳಲು ಹೋಗಿದ್ದರು. ತಾತನಿಗೆ ಮಂಡಿ ನೋವು, ಜಗಲಿಯಲ್ಲಿ ಕೂತೇ ಹೇಳಿದರು:

‘ಮಗಾ, ಕಟ್ಟೋಕ್ ಮುಂಚೆ ಕಡ್ಡಿ ಬುಟ್ ನೋಡ್ಲಾ ಒಂದ್ಸಲ.’

ಇದು ಪ್ರತಿ ಸಲದ ಶಾಸ್ತ್ರ. ಬಾಯಿಂದ ತುಂಬುವ ಕೋವಿ ಖಾಲಿ ಇದೆಯೋ ತುಂಬಿದೆಯೋ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಈಗಿನ ಬಂದೂಕಿನ ಹಾಗೆ ಮಡಚಿ ನೋಡಲು ಬರುವುದಿಲ್ಲ, ಹಿಂಬದಿ ಗಟ್ಟಿಯಾಗಿ ಮುಚ್ಚಿರುತ್ತದೆ. ಅದಕ್ಕೇ ಮದ್ದು ಜಡಿಯುವ ಕಡ್ಡಿಯ ಮೇಲೆ ತಾತ ಚಾಕುವಿನಲ್ಲಿ ಎರಡು ಕಚ್ಚು ಹಾಕಿದ್ದರು. ಕಡ್ಡಿ ಇಳಿಬಿಟ್ಟಾಗ ಮೇಲಿನ ಕಚ್ಚು ನಳಿಗೆಯ ಬಾಯಿಗೆ ಸಮ ಬಂದರೆ ಖಾಲಿ. ಅದಕ್ಕಿಂತ ನಾಲ್ಕು ಬೆರಳು ಕೆಳಗಿನ ಕಚ್ಚು ಸಮ ಬಂದರೆ ಮದ್ದು, ನಾರು, ಚರೆ ಎಲ್ಲ ಸರಿಯಾಗಿ ತಳ ಸೇರಿದೆ ಎಂದರ್ಥ.

ಕುದುರೆ ಎತ್ತಿ ಕೇಪು ಇಲ್ಲ ಎಂದು ನೋಡಿಕೊಂಡೆ. ಬಾಯನ್ನು ಯಾರೂ ಇಲ್ಲದ ಹಿತ್ತಲ ಕಡೆಗೆ ತಿರುಗಿಸಿ ಕಡ್ಡಿ ಬಿಟ್ಟೆ. ‘ಠಣ್’ ಎನ್ನಬೇಕಿತ್ತು. ಮೆತ್ತಗೆ ‘ಟಪ್’ ಎಂದಿತು. ಮೇಲಿನ ಕಚ್ಚೂ ಇಲ್ಲ, ಕೆಳಗಿನದೂ ಇಲ್ಲ. ಅರ್ಧ ಕಡ್ಡಿ ಹೊರಗೇ ನಿಂತಿತ್ತು.

‘ತಾತ, ಅರ್ಧಕ್ಕೇ ನಿಂತ್ಕತು.’

ತಾತ ಒಂದು ಗಳಿಗೆ ಮಾತಾಡಲಿಲ್ಲ. ಆಮೇಲೆ ‘ಅಯ್ಯೋ ಸಿವನೇ’ ಎಂದು ಹಣೆ ಹಿಡಿದುಕೊಂಡರು. ‘ನಿಮ್ಮಜ್ಜಿ ವೋದ್ ದಿನ ಕಣ್ಲಾ ಅದು. ನಂಗೆ ಗ್ಯಾನವೇ ಇಲ್ಲ.’

ಹಿಂದಿನ ನವೆಂಬರ್‌ನಲ್ಲಿ ನಡೆದದ್ದನ್ನು ಅವರು ಬಿಡಿಬಿಡಿಯಾಗಿ ಹೇಳಿದರು. ಕೊಡಗಿನ ಕಡೆಯ ಹಳೆಯ ಸ್ನೇಹಿತರೊಬ್ಬರು ತಮ್ಮ ಅಪ್ಪನ ಕಾಲದ ಪೆಟ್ಟಿಗೆಯಲ್ಲಿ ಸಿಕ್ಕಿತೆಂದು ಒಂದು ಸೀಸದ ಗುಂಡು ಕೊಟ್ಟಿದ್ದರಂತೆ. ಉರುಟಲ್ಲ, ಗಾರೆ ಕೆಲಸದವರ ತೂಗುಗುಂಡಿನ ಹಾಗೆ ತುದಿ ಚೂಪು. ತಾತ ಎಂದೂ ಗುಂಡು ಹಾಕಿದವರಲ್ಲ. ಮದ್ದು, ತೆಂಗಿನ ನಾರು ಜಡಿದು ಬರಿಯ ಸದ್ದು ಮಾಡಿ ಹಂದಿ ಓಡಿಸುವುದು ಅವರ ಪದ್ಧತಿ. ಆದರೆ ಎಪ್ಪತ್ತೆಂಟನೇ ವಯಸ್ಸಿನಲ್ಲೂ ಕುತೂಹಲ ಎಂಬುದೊಂದು ಇರುತ್ತದಲ್ಲ. ಬದುವಿನ ಹುತ್ತಕ್ಕೆ ಒಂದು ಹೊಡೆದು ನೋಡೋಣ ಎಂದು ಮದ್ದು ಸುರಿದು ಗುಂಡು ಬಾಯಿಗಿಟ್ಟರು. ಸಲೀಸಾಗಿ ಒಂದು ಗೇಣು ಹೋಯಿತು, ಆಮೇಲೆ ಬಿಗಿಯಿತು. ಕೊಡತಿಯಲ್ಲಿ ಕಡ್ಡಿಯ ತಲೆಗೆ ಬಡಿದರು. ಇನ್ನೊಂದಿಷ್ಟು ಹೋಗಿ ಪೂರ್ತಿ ಕಚ್ಚಿಕೊಂಡಿತು. ಕೇಪು ಇಡದೆ ಮನೆಗೆ ತಂದು ಗೂಟಕ್ಕೆ ಹಾಕಿದರು, ಬೆಳಿಗ್ಗೆ ತೆಗೆದರಾಯಿತು ಎಂದು. ಆ ರಾತ್ರಿಯೇ ಅಜ್ಜಿಗೆ ಎದೆನೋವು ಬಂತು. ಬೆಳಿಗ್ಗೆಯ ಹೊತ್ತಿಗೆ ಅಜ್ಜಿ ಇರಲಿಲ್ಲ.

ಹನ್ನೊಂದನೇ ದಿನದ ಕಾರ್ಯಕ್ಕೆ ಅದೇ ನಡುಮನೆಯಲ್ಲಿ ನೆಂಟರೆಲ್ಲ ಮಲಗಿದ್ದರು. ನನ್ನ ಅತ್ತೆಯ ಮಗಳು, ಐದು ವರ್ಷದವಳು, ಆ ಗೂಟದ ಕೆಳಗೇ ಆಡುತ್ತಿದ್ದಳು. ತಾತನಿಗೂ ಅದೇ ನೆನಪಾಗಿರಬೇಕು. ‘ಮಕ್ಳು ಮರಿ ಇದ್ವಲ್ಲೋ’ ಎಂದು ಎರಡು ಮೂರು ಸಲ ಹೇಳಿದರು. ನಲವತ್ತು ವರ್ಷ ಒಂದು ದಿನವೂ ತುಂಬಿದ ಕೋವಿಯನ್ನು ಮನೆಯೊಳಗೆ ತಾರದ ಮನುಷ್ಯ.

ಅಪ್ಪ ಬಂದವರು ಕೂಗಾಡಲಿಲ್ಲ. ‘ಹಾರಿಸಿ ಖಾಲಿ ಮಾಡಿಬಿಡೋಣ’ ಎಂದರು ಅಷ್ಟೆ. ತಾತ ಎದ್ದೇ ನಿಂತರು. ‘ನಳಿಗೆ ಒಡ್ದೋಯ್ತದೆ, ಮುಟ್‌ಬ್ಯಾಡ.’ ಠಾಣೆಗೆ ಹೋಗಿ ಇದ್ದ ವಿಷಯ ಹೇಳಿ, ಲೈಸೆನ್ಸ್ ಪುಸ್ತಕ ತೋರಿಸಿ, ತಾತನನ್ನು ಜೊತೆಗೇ ಕೂರಿಸಿಕೊಂಡು ಮೈಸೂರಿನಲ್ಲಿ ಪರವಾನಗಿ ಇರುವ ಬಂದೂಕು ರಿಪೇರಿಯವರ ಬಳಿ ಹೋದೆವು. ಲೈಸೆನ್ಸ್‌ದಾರರು ಎದುರಿಗಿರಬೇಕು, ಇಲ್ಲವೇ ಅವರ ಲಿಖಿತ ಅನುಮತಿ ಬೇಕು. ರಿಪೇರಿಗೆ ಒಯ್ಯುವುದಕ್ಕೂ ಕಾನೂನು ಹಾಗೇ ಇದೆ.

ತಾತ ಹೇಳಿದ್ದು ಸರಿ ಎಂದರು ರಿಪೇರಿಯವರು. ಮದ್ದಿಗೆ ಅಂಟಿಕೊಂಡು ಕೂತ ಗುಂಡು ಮದ್ದು ಹತ್ತಿದ ತಕ್ಷಣ ಜರುಗಲು ಶುರುಮಾಡುತ್ತದೆ, ಒತ್ತಡ ಏರಿದಂತೆ ಜಾಗವೂ ದೊಡ್ಡದಾಗುತ್ತ ಹೋಗುತ್ತದೆ. ಗುಂಡು ಅರ್ಧದಲ್ಲಿ ಸಿಕ್ಕಿಕೊಂಡಿದ್ದರೆ ಹಾಗಲ್ಲ. ಮಧ್ಯದ ಖಾಲಿ ಜಾಗದಲ್ಲಿ ಅನಿಲ ವೇಗ ಪಡೆದು ಬಂದು ನಿಂತ ಗುಂಡಿನ ಬುಡಕ್ಕೆ ಬಡಿಯುತ್ತದೆ. ಅಲ್ಲಿ ಒಂದೇ ಕಡೆ ಒತ್ತಡ ನೆಗೆದು ನಳಿಗೆ ಉಂಗುರದ ಹಾಗೆ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ಆ ಜಾಗದಲ್ಲಿ ಹಾರಿಸುವವನ ಎಡಗೈ ಇರುತ್ತದೆ.

ಅವರು ಮೊದಲು ಕೇಪಿನ ತೂತಿನಿಂದ ನೀರು ಬಿಟ್ಟರು. ಮದ್ದು ನೆನೆದು ಸತ್ತ ಮೇಲೆಯೇ ಮುಂದಿನ ಕೆಲಸ. ಬಾಯಿಯಿಂದ ಎಣ್ಣೆ ಇಳಿಸಿ ರಾತ್ರಿಯಿಡೀ ಬಿಟ್ಟರು. ಮಾರನೇ ದಿನ ತುದಿಗೆ ಸ್ಕ್ರೂ ಇರುವ ಕಡ್ಡಿಯನ್ನು ಗುಂಡಿನ ಮೂತಿಗೆ ಕೊರೆದು ಎಳೆದು ನೋಡಿದರು. ಸೀಸ ಮೆತ್ತಗೆ ಕಿತ್ತು ಬಂತೇ ಹೊರತು ಗುಂಡು ಕದಲಲಿಲ್ಲ. ಆಗ ಅವರು ತಂದದ್ದನ್ನು ಕಂಡು ನನಗೆ ನಗು ಬಂತು. ಟ್ರ್ಯಾಕ್ಟರಿಗೆ ಗ್ರೀಸ್ ಹೊಡೆಯುವ ಗನ್! ಕೇಪು ಕೂರುವ ಮೊಳೆಯನ್ನು ಬಿಚ್ಚಿ, ಅದೇ ಮರೆಗೆ ಗ್ರೀಸ್ ಮೂತಿ ತಿರುಗಿಸಿ ಹಿಡಿಕೆ ಒತ್ತತೊಡಗಿದರು. ಹಿಂದಿನಿಂದ ಗ್ರೀಸ್ ತುಂಬಿಕೊಳ್ಳುತ್ತ ಬಂತು, ನಾಲ್ವತ್ತೋ ಐವತ್ತೋ ಒತ್ತಿನ ನಂತರ ಗುಂಡು ಮಿಲಿಮೀಟರ್ ಮಿಲಿಮೀಟರ್ ಆಗಿ ಮೇಲೆ ಬರತೊಡಗಿತು. ಸದ್ದಿಲ್ಲ, ಹೊಗೆಯಿಲ್ಲ.

ಪ್ಯಾಸ್ಕಲನ ನಿಯಮವನ್ನು ಪಿಯುಸಿಯಿಂದ ಬಾಯಿಪಾಠ ಮಾಡಿದ್ದೇನೆ. ಹಾಸ್ಟೆಲಿಗೆ ಮರಳಿದ ಮೇಲೆ ಲೆಕ್ಕ ಹಾಕಿದೆ. ಗುಂಡಿನ ವ್ಯಾಸ 14.7 ಮಿ.ಮೀ., ಬುಡದ ವಿಸ್ತೀರ್ಣ ಸುಮಾರು 170 ಚದರ ಮಿ.ಮೀ. ಗ್ರೀಸ್ ಗನ್ 10 ಮೆಗಾಪ್ಯಾಸ್ಕಲ್ ಒತ್ತಡ ಕೊಟ್ಟರೂ ಸಾಕು, 1,700 ನ್ಯೂಟನ್. ಅಂದರೆ ಒಂದೂಮುಕ್ಕಾಲು ಕ್ವಿಂಟಲ್ ರಾಗಿ ಮೂಟೆಯ ಭಾರ ಹಿಂದಿನಿಂದ ತಳ್ಳಿದ ಹಾಗೆ. ಎಳೆದರೆ ಬಾರದ್ದು ತಳ್ಳಿದರೆ ಬಂತು.

ಹೊರಬಂದ ಗುಂಡನ್ನು ಒರೆಸಿ ಅವರು ತಲೆಕೆಳಗು ಮಾಡಿ ತೋರಿಸಿದರು. ಬುಡದಲ್ಲಿ ಬೆರಳ ತುದಿ ಇಳಿಯುವಷ್ಟು ಹಳ್ಳ. ‘ಇದು ನಿಮ್ಮ ಕೋವಿಯದಲ್ಲ. ನಳಿಗೆ ಒಳಗೆ ಸುರುಳಿ ಗೆರೆ ಇರುವ ರೈಫಲ್ಲಿನದು, ಅದೂ ಇದಕ್ಕಿಂತ ಒಂದು ಕೂದಲು ದೊಡ್ಡ ನಳಿಗೆಯದು. ನಿಮ್ಮದರ ಬಾಯಿ ಸವೆದು ಅಗಲವಾಗಿದೆ, ಅದಕ್ಕೇ ಮೊದಲು ಒಳಗೆ ಹೋಯಿತು. ಮುಂದೆ ಕಿಟ್ಟ ಕಟ್ಟಿ ಇಕ್ಕಟ್ಟು’ ಎಂದರು. ಆಮೇಲೆ ನನ್ನನ್ನು ನೋಡಿ, ‘ಎಂಜಿನಿಯರಿಂಗ್ ಅಂತೀಯ, ಈ ಹಳ್ಳ ಯಾಕೆ ಹೇಳು’ ಎಂದರು. ನನಗೆ ಗೊತ್ತಿರಲಿಲ್ಲ. ತೂಕ ಕಡಿಮೆ ಮಾಡಲು ಎಂದೆ. ಅವರು ನಕ್ಕರು.

ಆ ನಗುವಿನಿಂದ ಶುರುವಾದ ಹುಡುಕಾಟದಲ್ಲಿ ನಾನು ಕಳೆದ ರಾತ್ರಿಗಳಿಗೆ ಲೆಕ್ಕವಿಲ್ಲ. ಆ ಸೆಮಿಸ್ಟರಿನ ಗಣಿತದ ಅಂಕಕ್ಕೆ ಅದೂ ಒಂದು ಕಾರಣ.

ಬಾಯಿಂದ ತುಂಬುವ ಬಂದೂಕಿನಲ್ಲಿ ಮೊದಲಿನಿಂದಲೂ ಒಂದು ಜಗಳವಿದೆ. ತುಂಬುವಾಗ ಗುಂಡು ಸಡಿಲವಿರಬೇಕು, ಇಲ್ಲದಿದ್ದರೆ ಇಳಿಯುವುದಿಲ್ಲ. ಹಾರುವಾಗ ಬಿಗಿ ಇರಬೇಕು, ಇಲ್ಲದಿದ್ದರೆ ಅನಿಲವೆಲ್ಲ ಸಂದಿನಿಂದ ಸೋರಿಹೋಗಿ ಗುಂಡು ಎತ್ತಲೋ ಹೋಗುತ್ತದೆ. ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಸೈನಿಕರ ಕೈಲಿದ್ದ ‘ಬ್ರೌನ್ ಬೆಸ್’ ಬಂದೂಕಿನ ನಳಿಗೆ ಸುಮಾರು 19 ಮಿ.ಮೀ., ಗುಂಡು ಹದಿನೇಳೂವರೆ ಮಿ.ಮೀ. ಅಷ್ಟು ಸಂದಿ ಬಿಟ್ಟಿದ್ದಕ್ಕೇ ನಿಮಿಷಕ್ಕೆ ಎರಡು ಮೂರು ಸಲ ತುಂಬಲು ಆಗುತ್ತಿತ್ತು. ಗುರಿಯ ಮಾತು ಬೇರೆ. ನೂರು ಗಜದಾಚೆ ಒಬ್ಬನನ್ನು ನೋಡಿ ಹೊಡೆದರೆ ಅವನಿಗೇ ತಾಗುತ್ತದೆಂಬ ಭರವಸೆ ಇರಲಿಲ್ಲ, ಅದಕ್ಕೇ ಸಾಲಾಗಿ ನಿಂತು ಒಟ್ಟಿಗೆ ಹೊಡೆಯುತ್ತಿದ್ದರು.

ನಳಿಗೆಯೊಳಗೆ ಸುರುಳಿ ಗೆರೆ ಕೊರೆದರೆ ಗುಂಡು ಬುಗುರಿಯ ಹಾಗೆ ತಿರುಗುತ್ತ ನೇರ ಹೋಗುತ್ತದೆ ಎಂಬುದು ಹಿಂದಿನಿಂದಲೂ ಗೊತ್ತಿತ್ತು. ಆದರೆ ಆ ಗೆರೆಯನ್ನು ಗುಂಡು ಕಚ್ಚಬೇಕಲ್ಲ, ಅಂದರೆ ಬಿಗಿಯಾಗಿರಬೇಕು. 1800ರ ಸುಮಾರಿಗೆ ಬ್ರಿಟಿಷರು ‘ಬೇಕರ್ ರೈಫಲ್’ ತಂದಾಗ ಎಣ್ಣೆ ಸವರಿದ ಬಟ್ಟೆಯಲ್ಲಿ ಗುಂಡು ಸುತ್ತಿ ಜಡಿಯುತ್ತಿದ್ದರು. ಮೊದಮೊದಲು ಅದಕ್ಕೆ ಮರದ ಸುತ್ತಿಗೆಯನ್ನೇ ಜೊತೆಗೆ ಕೊಟ್ಟಿದ್ದರಂತೆ. ನಮ್ಮ ತಾತ ಕೊಡತಿ ಹಿಡಿದದ್ದು ಹೊಸದೇನಲ್ಲ. ಆದರೆ ಹಾಗೆ ಬಡಿದರೆ ಗುಂಡಿನ ಮೂತಿ ಚಪ್ಪಟೆಯಾಗುತ್ತದೆ, ಹೊತ್ತೂ ಹಿಡಿಯುತ್ತದೆ. ಎರಡು ಈಡಿನ ನಂತರ ಇನ್ನೂ ಕಷ್ಟ. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಅನಿಲವಾಗುವುದೇ ಇಲ್ಲ. ಹೊಗೆ ಮತ್ತು ಕಿಟ್ಟವಾಗಿ ಉಳಿದು ನಳಿಗೆಯ ಒಳಮೈಗೆ ಮೆತ್ತಿಕೊಳ್ಳುತ್ತದೆ.

ಈ ಜಗಳ ಬಗೆಹರಿದ ಕಥೆಯಲ್ಲಿ ನಮ್ಮ ದಕ್ಷಿಣ ಭಾರತವೂ ಇದೆ. 1823ರಲ್ಲಿ ಬ್ರಿಟಿಷ್ ಸೇನೆಯ 34ನೇ ರೆಜಿಮೆಂಟಿನ ಕ್ಯಾಪ್ಟನ್ ಜಾನ್ ನಾರ್ಟನ್ ಬುಡದಲ್ಲಿ ಹಳ್ಳವಿರುವ ಉದ್ದನೆಯ ಗುಂಡೊಂದನ್ನು ರೂಪಿಸಿದ. ಅವನಿಗೆ ಅದು ಹೊಳೆದದ್ದು ದಕ್ಷಿಣ ಭಾರತದ ಜನ ಊದುಕೊಳವೆಯಲ್ಲಿ ಬಾಣ ಊದುವುದನ್ನು ನೋಡಿ ಎಂದು ಬಂದೂಕಿನ ಇತಿಹಾಸ ಬರೆದವರು ಹೇಳುತ್ತಾರೆ. ಆ ಬಾಣದ ಬುಡಕ್ಕೆ ತಾವರೆ ದಂಟಿನ ಮೆತ್ತನೆಯ ತಿರುಳು ಕಟ್ಟಿರುತ್ತಿದ್ದರು. ಊದಿದಾಗ ಗಾಳಿಯ ಒತ್ತಡಕ್ಕೆ ತಿರುಳು ಅಗಲವಾಗಿ ಕೊಳವೆಯ ಗೋಡೆಗೆ ಒತ್ತಿಕೊಳ್ಳುತ್ತಿತ್ತು, ಗಾಳಿ ಸೋರುತ್ತಿರಲಿಲ್ಲ. ತಾವರೆ ದಂಟಿನ ಜಾಗಕ್ಕೆ ನಾರ್ಟನ್ ಸೀಸ ತಂದ. ಸರ್ಕಾರ ಅವನ ಗುಂಡನ್ನು ಒಪ್ಪಲಿಲ್ಲ. 1836ರ ಹೊತ್ತಿಗೆ ವಿಲಿಯಂ ಗ್ರೀನರ್ ಎಂಬ ಬಂದೂಕು ತಯಾರಕ ಇದೇ ದಾರಿಯಲ್ಲಿ ಇನ್ನೊಂದು ಗುಂಡು ಮಾಡಿದ, ಅದನ್ನೂ ಒಪ್ಪಲಿಲ್ಲ. ಕೊನೆಗೆ 1849ರಲ್ಲಿ ಫ್ರಾನ್ಸಿನ ಕ್ಲೋಡ್ ಮಿನಿಯೆ ಬುಡದ ಹಳ್ಳಕ್ಕೆ ಕಬ್ಬಿಣದ ಸಣ್ಣ ಬಟ್ಟಲು ಇಟ್ಟು ಮಾಡಿದ ಗುಂಡು ಗೆದ್ದಿತು. ಅದೇ ಬ್ರಿಟಿಷ್ ಸರ್ಕಾರ ಮಿನಿಯೆಗೆ 20,000 ಪೌಂಡ್ ಕೊಟ್ಟಿತು, ಗಲಾಟೆ ಮಾಡಿದ ಗ್ರೀನರ್‌ಗೆ ಆಮೇಲೆ 1,000 ಪೌಂಡ್. ತಾವರೆ ದಂಟು ಕಟ್ಟಿದ ಬೇಟೆಗಾರನ ಹೆಸರು ಯಾವ ಪುಸ್ತಕದಲ್ಲೂ ನನಗೆ ಸಿಗಲಿಲ್ಲ.

ಹಳ್ಳದ ಕೆಲಸ ಸರಳ. ಗುಂಡು ನಳಿಗೆಗಿಂತ ಕೂದಲೆಳೆ ಸಣ್ಣದು, ಕಡ್ಡಿಯಲ್ಲಿ ಮೆಲ್ಲಗೆ ಒತ್ತಿದರೆ ಮದ್ದಿನವರೆಗೂ ಇಳಿಯುತ್ತದೆ. ಮದ್ದು ಹತ್ತಿದಾಗ ಅನಿಲ ಮೊದಲು ಆ ಹಳ್ಳದೊಳಕ್ಕೆ ನುಗ್ಗಿ ಅದರ ತೆಳು ಅಂಚನ್ನು ಹೊರಕ್ಕೆ ಅರಳಿಸುತ್ತದೆ. ಅಂಚು ಸುರುಳಿ ಗೆರೆಗಳಿಗೆ ಕಚ್ಚಿಕೊಳ್ಳುತ್ತದೆ. ಸೀಸ ಎಷ್ಟು ಮೆತ್ತಗೆ ಎಂದರೆ ಅದರ ಕರ್ಷಣ ಸಾಮರ್ಥ್ಯ ಹದಿನೈದು ಮೆಗಾಪ್ಯಾಸ್ಕಲ್ ಆಸುಪಾಸು, ನಾವು ಲ್ಯಾಬಿನಲ್ಲಿ ಎಳೆದು ಮುರಿಯುವ ಸಾದಾ ಉಕ್ಕಿನದು ನಾನೂರರ ಹತ್ತಿರ. ಇಲ್ಲಿ ಬಲಹೀನತೆಯೇ ಉಪಯೋಗಕ್ಕೆ ಬಂತು.

ಮುಂದಿನ ಸೆಮಿಸ್ಟರಿನಲ್ಲಿ ಮೆಟ್ರಾಲಜಿ ಕ್ಲಾಸಿನಲ್ಲಿ ‘ಫಿಟ್’ಗಳ ಪಾಠ ಬಂತು. ಸಂದಿ ಇರುವುದು ಕ್ಲಿಯರೆನ್ಸ್ ಫಿಟ್, ಒತ್ತಿ ಕೂರಿಸುವುದು ಇಂಟರ್‌ಫಿಯರೆನ್ಸ್ ಫಿಟ್. ಎಲ್ಲರೂ ಬೇರಿಂಗು, ಶಾಫ್ಟು ಎಂದು ಬರೆದುಕೊಳ್ಳುತ್ತಿದ್ದರು. ತುಂಬುವಾಗ ಕ್ಲಿಯರೆನ್ಸ್, ಹಾರುವಾಗ ಇಂಟರ್‌ಫಿಯರೆನ್ಸ್ ಆಗುವ ವಸ್ತುವೊಂದು ನನಗೆ ಗೊತ್ತಿತ್ತು. ಮೊನ್ನೆ ಇಂಟರ್ನ್‌ಶಿಪ್ ಸಂದರ್ಶನದಲ್ಲಿ ಇದನ್ನೇ ಹೇಳಿದೆ. ಕೇಳಿದವರು ಪೆನ್ನು ಕೆಳಗಿಟ್ಟು ‘ಮುಂದೆ ಹೇಳಿ’ ಎಂದರು. ಸೀಟು ಸಿಕ್ಕಿತೋ ಎಂದು ಕೇಳಬೇಡಿ, ಫಲಿತಾಂಶ ಇನ್ನೂ ಬಂದಿಲ್ಲ.

ಬ್ರಿಟಿಷರು ಇದೇ ತತ್ವದ ಮೇಲೆ ‘1853ರ ಎನ್‌ಫೀಲ್ಡ್’ ರೈಫಲ್ ಮಾಡಿದರು. ನಳಿಗೆ 0.577 ಅಂಗುಲ, ಒಳಗೆ ಮೂರು ಗೆರೆ. ಗುಂಡಿನ ತೂಕ ಸುಮಾರು 34 ಗ್ರಾಂ. ಮದ್ದು, ಗುಂಡು ಎರಡೂ ಒಂದೇ ಕಾಗದದ ಸುರುಳಿಯಲ್ಲಿ. ಸಿಪಾಯಿ ಅದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹರಿದು ಮದ್ದು ಸುರಿದು, ಸುರುಳಿಯನ್ನು ತಿರುಗಿಸಿ ಗುಂಡಿರುವ ತುದಿಯನ್ನು ಬಾಯಿಗಿಟ್ಟು, ಉಳಿದ ಕಾಗದ ಹರಿದೆಸೆದು ಕಡ್ಡಿಯಲ್ಲಿ ಒತ್ತಬೇಕು. ಗುಂಡು ಜಾರಲಿ, ಕಿಟ್ಟ ಮೆತ್ತಗಾಗಲಿ ಎಂದು ಆ ತುದಿಗೆ ಕೊಬ್ಬು ಸವರಿರುತ್ತಿತ್ತು. ಆ ಕೊಬ್ಬು ಯಾವುದು ಎಂಬ ಪ್ರಶ್ನೆ 1857ರ ಜನವರಿಯಲ್ಲಿ ಕಲ್ಕತ್ತಾ ಬಳಿಯ ದಮ್ ದಮ್‌ನಲ್ಲಿ ಎದ್ದದ್ದು, ಮುಂದಿನದ್ದು ಹೈಸ್ಕೂಲಿನಲ್ಲಿ ಎಲ್ಲರೂ ಓದಿದ್ದೇವೆ. ಐದು ಅಂಕದ ಪ್ರಶ್ನೆಯಲ್ಲಿ ‘ಹಸು ಮತ್ತು ಹಂದಿಯ ಕೊಬ್ಬು’ ಎಂದು ಬರೆದು ಮುಂದೆ ಹೋಗಿದ್ದೆ. ಕೊಬ್ಬು ಯಾಕೆ ಬೇಕಿತ್ತು ಎಂದು ಆಗ ಕೇಳಿಕೊಳ್ಳಲಿಲ್ಲ, ಯಾರೂ ಹೇಳಲೂ ಇಲ್ಲ. ಬಿಗಿಗುಂಡು ಕಿಟ್ಟದ ನಳಿಗೆಯಲ್ಲಿ ಇಳಿಯಲಿ ಎಂದು. ನಮ್ಮ ಕೋವಿಯಲ್ಲಿ ಇಳಿಯದೇ ನಿಂತದ್ದೂ ಅದೇ.

ಇನ್ನೊಂದು ಸಂಗತಿ ಪಠ್ಯದಲ್ಲಿ ಇಲ್ಲದ್ದು. ಆ ಯುದ್ಧದ ಬಿಸಿಲಿನಲ್ಲಿ ಸವರಿದ ಜಿಡ್ಡು ಕರಗಿ ಹೋಗಿ ಬ್ರಿಟಿಷ್ ಸೈನಿಕರಿಗೇ ಗುಂಡು ಇಳಿಸುವುದು ಕಷ್ಟವಾಯಿತು. 0.568 ಅಂಗುಲವಿದ್ದ ಗುಂಡನ್ನು ಆಮೇಲೆ 0.55ಕ್ಕೆ ಇಳಿಸಿದರು, ಜಿಡ್ಡಿನಲ್ಲಿ ಜೇನುಮೇಣ ಹೆಚ್ಚು ಮಾಡಿದರು. ಕಿರಿದಾದ ಗುಂಡು ಸರಿಯಾಗಿ ಅರಳಲೆಂದು ಬುಡದ ಹಳ್ಳಕ್ಕೆ ಮರದ ಬಿರಡೆ ಇಟ್ಟರು. ಅರ್ಧ ಮಿಲಿಮೀಟರಿನಷ್ಟು ಬದಲಾವಣೆ.

ಅದೇ ವರ್ಷ ಆಯುಧಗಳನ್ನು ಸರ್ಕಾರಕ್ಕೆ ಒಪ್ಪಿಸಬೇಕು, ಇಲ್ಲವೇ ನೋಂದಾಯಿಸಬೇಕು ಎಂಬ ಕಾಯ್ದೆ ಬಂತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ್‌ನಲ್ಲಿ ಊರನ್ನೇ ಸುಟ್ಟರು, ಹಿಡಿದವರನ್ನು ನೇಣಿಗೆ ಹಾಕಿದರು. ಅವರ ಮೇಲಿನ ಲಾವಣಿ ಇಂದಿಗೂ ಉಳಿದಿದೆ. ನಮ್ಮ ಕಡೆ ಅಂಥದ್ದೇನೂ ನಡೆದಂತಿಲ್ಲ. ಆಗ ಹುಣಸೂರು ಕಂಪನಿ ಸೇನೆಗೆ ಚರ್ಮದ ಸಾಮಾನು, ಕಂಬಳಿ ಒದಗಿಸುತ್ತಿತ್ತು, ಫಿರಂಗಿ ಎಳೆಯುವ ಅಮೃತಮಹಲ್ ಎತ್ತುಗಳ ಕೇಂದ್ರವೂ ಆಗಿತ್ತು. ಪಕ್ಕದ ಕೊಡಗಿನಲ್ಲಿ ಇಂದಿಗೂ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ನಮ್ಮಂಥವರಿಗೆ 1959ರ ಆಯುಧ ಕಾಯ್ದೆಯ 13ನೇ ಕಲಮು. ನಿಜವಾಗಿ ಬೆಳೆ ರಕ್ಷಣೆಗಾದರೆ ಬಾಯಿಂದ ತುಂಬುವ ಕೋವಿಗೆ ಲೈಸೆನ್ಸ್ ಕೊಡಬೇಕು ಎನ್ನುತ್ತದೆ. ಹಾಗೆಂದು ಹಂದಿ ಹೊಡೆಯಬಹುದು ಎಂದಲ್ಲ. ಅನುಮತಿಯಿಲ್ಲದೆ ಹೊಡೆದರೆ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಅಂದರೆ ಕಾವಲಿಗೆ ಕೋವಿ ಕೊಟ್ಟು, ಸದ್ದು ಮಾತ್ರ ಮಾಡು ಎಂದ ಹಾಗೆ. ತಾತನಿಗೆ ಇದರಲ್ಲಿ ದೂರೇನೂ ಇಲ್ಲ. ಸದ್ದಿಗೇ ಓಡ್ತವಲ್ಲ ಎನ್ನುತ್ತಾರೆ. ನನಗೆ ಮಾತ್ರ, ಸದ್ದು ಮಾಡಲು ಕೋವಿಯೇ ಯಾಕೆ ಬೇಕು ಎಂದು ಈಗೀಗ ಅನ್ನಿಸುತ್ತದೆ. ಅಪ್ಪ ಕಳೆದ ಸುಗ್ಗಿಯಲ್ಲಿ ಹೊಲದ ಸುತ್ತ ಹಳೆ ಸೀರೆ ಕಟ್ಟಿ, ತಗಡಿನ ಡಬ್ಬ ತೂಗಿಬಿಟ್ಟಿದ್ದರು. ಅಷ್ಟಿಷ್ಟು ಕೆಲಸ ಮಾಡಿತು.

ಚುನಾವಣೆ ಮುಗಿದು ಜೂನ್‌ನಲ್ಲಿ ಕೋವಿ ವಾಪಸು ಬಂತು. ಗುಂಡನ್ನು ರಿಪೇರಿಯವರೇ ಇಟ್ಟುಕೊಂಡರು, ತಾತ ಕೇಳಲೂ ಇಲ್ಲ. ಆದರೆ ಗೂಟ ಬದಲಾಗಿದೆ. ಈಗ ಕೋವಿ ಇರುವುದು ತಾತನ ಕೋಣೆಯ ಬೀಗದ ಪೆಟ್ಟಿಗೆಯಲ್ಲಿ, ಕೀಲಿಕೈ ಅಪ್ಪನ ಬಳಿ. ಲೈಸೆನ್ಸ್ ನವೀಕರಣ ಮುಂದಿನ ವರ್ಷ. ಒಪ್ಪಿಸಿಬಿಡೋಣ ಎಂದು ಅಪ್ಪ, ನಿನ್ನ ಹೆಸರಿಗೆ ಮಾಡಿಸ್ಕಳ್ಳಾ ಎಂದು ಒಮ್ಮೆ, ಬ್ಯಾಡ ಎಂದು ಇನ್ನೊಮ್ಮೆ ತಾತ. ನಾನು ಇನ್ನೂ ಏನೂ ಹೇಳಿಲ್ಲ.

ತಾತನ ಮರೆವು ಹೆಚ್ಚಾಗಿದೆ. ಔಷಧಿ ನುಂಗಿದ್ದು ಮರೆಯುತ್ತಾರೆ, ನಾನು ಯಾವ ಸೆಮಿಸ್ಟರ್ ಎಂಬುದನ್ನು ಮೂರು ಸಲ ಕೇಳುತ್ತಾರೆ. ಇದೊಂದನ್ನು ಮಾತ್ರ ಮರೆಯುವುದಿಲ್ಲ. ಹಾಸ್ಟೆಲಿನಿಂದ ಬಂದು ಬ್ಯಾಗು ಇಳಿಸಿ ಕೈಕಾಲು ತೊಳೆಯುವುದರೊಳಗೆ ಕರೆಯುತ್ತಾರೆ. ಅಪ್ಪ ಬೀಗ ತೆಗೆಯುತ್ತಾರೆ. ನಾನು ಬಾಯನ್ನು ಹಿತ್ತಲ ಕಡೆ ತಿರುಗಿಸಿ ಕಡ್ಡಿ ಬಿಡುತ್ತೇನೆ. ‘ಠಣ್’ ಎನ್ನುತ್ತದೆ.

‘ಖಾಲಿ ತಾತ. ಮೇಲಿನ ಕಚ್ಚಿಗೆ ಸಮ.’

‘ಇನ್ನೊಂದ್ಸಲ ಬುಡ್ಲಾ’ ಎನ್ನುತ್ತಾರೆ. ನಾನು ಮತ್ತೆ ಬಿಡುತ್ತೇನೆ.